ಗಡಿಯಾಚೆ ಒಯ್ದ ಮಗು



ಆನಿ ಬೆಸೆಂಟ್ ಎಂದರೆ ನಮ್ಮ ಮಕ್ಕಳಿಗೆ ಎರಡು ಅಂಕದ ಪ್ರಶ್ನೆ. 1916ರಲ್ಲಿ ಹೋಮ್ ರೂಲ್ ಲೀಗ್ ಸ್ಥಾಪಿಸಿದವರು ಯಾರು? 1917ರ ಕಲಕತ್ತಾ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷೆ ಯಾರು? ಉತ್ತರ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಇದೇ ಬೆಸೆಂಟ್ ಮಕ್ಕಳ ವಿಷಯವಾಗಿ ಎರಡು ಸಲ ಕೋರ್ಟಿನಲ್ಲಿ ನಿಂತು, ವಕೀಲರನ್ನು ಇಡದೆ ತಾವೇ ವಾದ ಮಾಡಿದ್ದರು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮೊದಲ ಸಲ ಲಂಡನ್ನಿನಲ್ಲಿ, ತಾಯಿಯಾಗಿ. ಎರಡನೆಯ ಸಲ ಮದ್ರಾಸಿನಲ್ಲಿ, ಬೇರೊಬ್ಬರ ಮಕ್ಕಳನ್ನು ಇಟ್ಟುಕೊಂಡವರಾಗಿ. ನಡುವೆ 35 ವರ್ಷಗಳ ಅಂತರ.

ಈ ಕಥೆಯನ್ನು ಈಗ ಬರೆಯಲು ಕಾರಣವಿದೆ. ಅಕ್ಕಲಕೋಟ ತಾಲೂಕಿನ ನಮ್ಮ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನರ ತಾಯಿಯ ತವರು ಗಡಿಯ ಆಚೆ ಇದೆ. ಆಳಂದ, ಅಫಜಲಪುರ, ಇಂಡಿ ಕಡೆಗೆ ನಾವು ಹೆಣ್ಣು ಕೊಡುವುದು, ಅಲ್ಲಿಂದ ತರುವುದು ತಲೆತಲಾಂತರದಿಂದ ನಡೆದು ಬಂದಿದೆ. ಸಂಸಾರ ನೆಟ್ಟಗಿರುವವರೆಗೆ ಗಡಿ ಎಂಬುದು ಬಸ್ಸಿನ ಬೋರ್ಡಿನ ಭಾಷೆ ಬದಲಾಗುವ ಜಾಗ, ಅಷ್ಟೇ. ಸಂಸಾರ ಮುರಿದ ದಿನ ಅದೇ ಗೆರೆ ಗೋಡೆಯಾಗಿ ನಿಲ್ಲುತ್ತದೆ. ಗಂಡ ಹೆಂಡಿರಿಗೆ ಸೋಡಚೀಟಿ ಆಯಿತು, ಮಗು ಯಾರ ಹತ್ತಿರ ಇರಬೇಕು, ಯಾವಾಗ ಯಾರು ಬಂದು ನೋಡಬೇಕು ಎಂದು ಕಾಗದವೂ ಆಯಿತು. ಆಮೇಲೆ ಒಂದು ದಿನ ಒಬ್ಬರು ಮಗುವನ್ನು ಆಚೆ ಕರೆದುಕೊಂಡು ಹೋದರು, ತಿರುಗಿ ಕಳಿಸಲಿಲ್ಲ. ಕಾಗದ ಈಚೆ ಉಳಿಯಿತು, ಮಗು ಆಚೆ ಉಳಿಯಿತು. ಇದು ನಮ್ಮ ಸೀಮೆಯ ಹೊಸ ರೋಗವಲ್ಲ, ನಮ್ಮ ಸೀಮೆಯದೊಂದೇ ರೋಗವೂ ಅಲ್ಲ. ತೀರ್ಪು ಸಿಗುವುದು ಬೇರೆ, ಮಗು ಸಿಗುವುದು ಬೇರೆ ಎಂಬ ಈ ಸಮಸ್ಯೆಗೆ ಸುಮಾರು 200 ವರ್ಷದ ಇತಿಹಾಸವಿದೆ.

ಬೆಸೆಂಟ್ ಅವರಿಗಿಂತ ಮೊದಲು ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಹೆಸರು ಹೇಳಬೇಕು. ಆಗಿನ ಇಂಗ್ಲೆಂಡಿನ ಕಾನೂನು ಬಹಳ ಸರಳವಾಗಿತ್ತು. ಮಕ್ಕಳು ತಂದೆಯವರು, ಮುಗಿಯಿತು. ತಾಯಿ ಗಂಡನ ಮನೆ ಬಿಟ್ಟರೆ, ಅಥವಾ ಗಂಡನೇ ಹೊರಗೆ ಹಾಕಿದರೂ ಸರಿ, ಮೊಲೆಗೂಸನ್ನೂ ಕೇಳುವ ಅಧಿಕಾರ ಅವಳಿಗಿರಲಿಲ್ಲ. 1836ರಲ್ಲಿ ನಾರ್ಟನ್ ದಂಪತಿ ಬೇರೆಯಾದಾಗ ಗಂಡ ಜಾರ್ಜ್ ನಾರ್ಟನ್ ಮೂವರು ಗಂಡುಮಕ್ಕಳನ್ನು ಎತ್ತಿಕೊಂಡು ಹೋದ. ಹೆಂಡತಿಯ ಮೇಲೆ ವ್ಯಭಿಚಾರದ ಆರೋಪ ಹೊರಿಸಿ ಅಂದಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಮೇಲೆಯೇ ದಾವೆ ಹೂಡಿದ. ದಾವೆಯಲ್ಲಿ ಸೋತ. ಆದರೂ ಮಕ್ಕಳು ಅವನ ಹತ್ತಿರವೇ! ಆರೋಪ ಸುಳ್ಳಾದರೆ ತಾಯಿಗೆ ಮಕ್ಕಳು ಸಿಗಬೇಕು ಎಂಬ ನಿಯಮವೇ ಇಲ್ಲದಿದ್ದಾಗ ನ್ಯಾಯಾಧೀಶರಾದರೂ ಏನು ಮಾಡಿಯಾರು?

ಆ ಹೆಣ್ಣುಮಗಳು ಅಳುತ್ತ ಕೂಡಲಿಲ್ಲ. ಕರಪತ್ರಗಳನ್ನು ಬರೆದು ಸಂಸತ್ ಸದಸ್ಯರ ಕೈಗೆ ಮುಟ್ಟಿಸಿದಳು. ಟಾಲ್‌ಫೋರ್ಡ್ ಎಂಬ ವಕೀಲ ಸದಸ್ಯರು ಮಸೂದೆ ತಂದರು. 1839ರಲ್ಲಿ ಶಿಶುಗಳ ಸುಪರ್ದು ಕಾಯಿದೆ ಜಾರಿಗೆ ಬಂತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಹತ್ತಿರ ಇಟ್ಟುಕೊಳ್ಳಲು, ಅದಕ್ಕಿಂತ ದೊಡ್ಡವರನ್ನು ಭೇಟಿಯಾಗಲು ತಾಯಿ ಕೋರ್ಟಿಗೆ ಅರ್ಜಿ ಹಾಕಬಹುದು ಎಂದಾಯಿತು. ಮಗುವಿನ ಮೇಲೆ ತಾಯಿಗೂ ಒಂದು ಮಾತಿದೆ ಎಂದು ಇಂಗ್ಲಿಷ್ ಕಾನೂನು ಒಪ್ಪಿದ್ದು ಇದೇ ಮೊದಲು.

ಆದರೆ ಆ ಕಾಯಿದೆಗಾಗಿ ಹೋರಾಡಿದ ತಾಯಿಗೇ ಅದು ದಕ್ಕಲಿಲ್ಲ. ಗಂಡ ಮಕ್ಕಳನ್ನು ಸ್ಕಾಟ್‌ಲೆಂಡಿಗೆ ಸಾಗಿಸಿದ. ಅಲ್ಲಿ ಬೇರೆ ಕಾನೂನು, ಬೇರೆ ಕೋರ್ಟು. ಲಂಡನ್ನಿನ ಆಜ್ಞೆ ಅಲ್ಲಿ ನಡೆಯುವುದಿಲ್ಲ. ಒಂದೇ ರಾಣಿ, ಒಂದೇ ಸಂಸತ್ತು, ಒಂದೇ ನಾಣ್ಯ. ನಡುವೆ ಒಂದು ಗಡಿ, ಅಷ್ಟೇ. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದು ಗಾಯ ವಿಷವೇರಿ ತೀರಿಕೊಂಡ. ತಾಯಿಗೆ ಹೇಳಿ ಕಳಿಸಿದರು. ಆಕೆ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಉಳಿದ ಇಬ್ಬರನ್ನು ನೋಡಲು ಗಂಡ ಬಿಟ್ಟಿದ್ದು ಅದಾದ ಮೇಲೆ. ಕಾಯಿದೆ ಮಾಡದ ಕೆಲಸವನ್ನು ಸಾವು ಮಾಡಿತು.

ಇನ್ನು ಬೆಸೆಂಟ್ ಅವರ ಕಥೆ. 1867ರ ಡಿಸೆಂಬರಿನಲ್ಲಿ, 20ನೆಯ ವಯಸ್ಸಿಗೆ, ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯೊಡನೆ ಮದುವೆ. 1869ರಲ್ಲಿ ಮಗ ಡಿಗ್ಬಿ, 1870ರಲ್ಲಿ ಮಗಳು ಮೇಬಲ್. ಕೈಕೂಸು ಮೇಬಲ್‌ಗೆ ನಾಯಿಕೆಮ್ಮು ಬಂದು ಸಾಯುವ ಸ್ಥಿತಿಗೆ ಹೋದಾಗ, ಏನೂ ಅರಿಯದ ಕೂಸನ್ನು ದೇವರು ಹೀಗೇಕೆ ನರಳಿಸುತ್ತಾನೆ ಎಂಬ ಪ್ರಶ್ನೆ ತಾಯಿಯ ತಲೆಯೊಳಗೆ ಹೊಕ್ಕಿತು. ಪಾದ್ರಿಯ ಹೆಂಡತಿಗೆ ಇಂಥ ಪ್ರಶ್ನೆ ಬರಬಾರದು. ಬಂತು. ಮನೆ ಒಡೆಯಿತು. ಆಗ ಇಂಗ್ಲೆಂಡಿನಲ್ಲಿ 1857ರ ವಿಚ್ಛೇದನ ಕಾಯಿದೆ ಇತ್ತು. ಆದರೆ ಹೆಂಡತಿ ವಿಚ್ಛೇದನ ಪಡೆಯಬೇಕಾದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯದಂಥ ಇನ್ನೊಂದು ತಪ್ಪನ್ನೂ ರುಜುವಾತು ಮಾಡಬೇಕಿತ್ತು. ಧರ್ಮದ ವಿಷಯದಲ್ಲಿ ಮನಸ್ಸು ಮುರಿಯಿತು ಎಂದರೆ ನಡೆಯುತ್ತಿರಲಿಲ್ಲ. ಹಾಗಾಗಿ 1873ರ ಅಕ್ಟೋಬರ್ 25ರಂದು ಬೇರೆ ಬದುಕುವ ಕರಾರು ಪತ್ರವಾಯಿತು. ಮಗ ತಂದೆಯ ಹತ್ತಿರ, ಮಗಳು ತಾಯಿಯ ಹತ್ತಿರ. ಮೇಬಲ್ ವರ್ಷದಲ್ಲಿ ಹನ್ನೊಂದು ತಿಂಗಳು ತಾಯಿಯೊಡನೆ, ಒಂದು ತಿಂಗಳು ತಂದೆಯೊಡನೆ.

ನಮ್ಮೂರ ಕಡೆ ಹಿರಿಯರು ಕೂತು ಬಾಂಡ್ ಪೇಪರಿನ ಮೇಲೆ ಬರೆಸುವುದೂ ಹೆಚ್ಚು ಕಡಿಮೆ ಇದನ್ನೇ. ಎರಡೂ ಕಡೆಯ ಸಹಿ, ಸಾಕ್ಷಿಗಳ ಸಹಿ, ಎಲ್ಲ ಪಕ್ಕಾ. ಇಂಥ ಕಾಗದಕ್ಕೆ ಎಷ್ಟು ಬಲ ಎಂಬುದನ್ನು ತಿಳಿಯಲು ಬೆಸೆಂಟ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಅದೇ 1873ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಕಾಯಿದೆ ಬಂದಿತ್ತು. ಮಕ್ಕಳನ್ನು ತಾಯಿಗೆ ಬಿಟ್ಟುಕೊಡುವ ಕರಾರು ಅಷ್ಟರಿಂದಲೇ ಅಸಿಂಧುವಾಗುವುದಿಲ್ಲ, ಆದರೆ ಮಗುವಿನ ಹಿತಕ್ಕೆ ಒಳ್ಳೆಯದಲ್ಲವೆಂದು ಕೋರ್ಟಿಗೆ ಕಂಡರೆ ಅಂಥ ಕರಾರನ್ನು ಜಾರಿ ಮಾಡತಕ್ಕದ್ದಲ್ಲ ಎಂಬುದು ಅದರ ಸಾರ. ಓದಲು ಬಹಳ ಚೆನ್ನಾಗಿದೆ. ಆದರೆ ಮಗುವಿನ ಹಿತ ಯಾವುದು ಎಂದು ನಿರ್ಣಯಿಸುವವರು ಯಾರು?

1877ರಲ್ಲಿ ಬೆಸೆಂಟ್ ಮತ್ತು ಚಾರ್ಲ್ಸ್ ಬ್ರಾಡ್ಲಾ ಇಬ್ಬರೂ ಸೇರಿ ಸಂತಾನ ನಿಯಂತ್ರಣದ ಬಗ್ಗೆ ನೋಲ್ಟನ್ ಎಂಬ ಅಮೆರಿಕನ್ ವೈದ್ಯ ಬರೆದಿದ್ದ ಹಳೆಯ ಪುಸ್ತಿಕೆಯನ್ನು ಮತ್ತೆ ಅಚ್ಚು ಹಾಕಿಸಿದರು. ಅಶ್ಲೀಲ ಎಂದು ಮೊಕದ್ದಮೆಯಾಯಿತು. ಆರು ತಿಂಗಳ ಸಜೆ ಮತ್ತು ದಂಡ ಎಂದು ತೀರ್ಪಾಯಿತು. 1878ರ ಫೆಬ್ರವರಿಯಲ್ಲಿ ಮೇಲಿನ ಕೋರ್ಟು ತಾಂತ್ರಿಕ ಕಾರಣಕ್ಕೆ ಆ ತೀರ್ಪನ್ನು ರದ್ದು ಮಾಡಿತು. ಜೈಲು ತಪ್ಪಿತು. ಆದರೆ ಗಂಡ ಆ ಹೊತ್ತಿಗೆ ಕಾದಿದ್ದ. ಇಂಥ ಪುಸ್ತಕ ಮಾರುವವಳ, ದೇವರನ್ನು ನಂಬದವಳ ಕೈಯಲ್ಲಿ ಹೆಣ್ಣುಮಗು ಇರಬಾರದು ಎಂದು ಚಾನ್ಸರಿ ಕೋರ್ಟಿಗೆ ಹೋದ. ನ್ಯಾಯಾಧೀಶರು ಸರ್ ಜಾರ್ಜ್ ಜೆಸೆಲ್. ತಾಯಿ ಮಗುವನ್ನು ಪ್ರೀತಿಯಿಂದ ಸಾಕಿದ್ದಾಳೆ ಎಂಬುದರಲ್ಲಿ ತಕರಾರಿರಲಿಲ್ಲ. ಆದರೂ ತೀರ್ಪು ತಂದೆಯ ಕಡೆಗಾಯಿತು. ಕರಾರಿನ ಆ ಕಲಮು ಬಿದ್ದುಹೋಯಿತು.

ಆಗ ಮೇಬಲ್‌ಗೆ ಎಂಟು ತುಂಬಿರಲಿಲ್ಲ. ಜ್ವರದಿಂದ ಎದ್ದು ಇನ್ನೂ ನಿತ್ರಾಣವಾಗಿದ್ದ ಹುಡುಗಿ. ತಂದೆಯ ಕಡೆಯ ಆಳು ಮನೆಗೆ ಬಂದು, ಕಿರುಚಿ ಕೊಸರಾಡುತ್ತಿದ್ದ ಮಗುವನ್ನು ಬಲವಂತದಿಂದ ಎತ್ತಿಕೊಂಡು ಹೋದನೆಂದು ಬೆಸೆಂಟ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೋರ್ಟಿನ ಭಾಷೆಯಲ್ಲಿ ಇದರ ಹೆಸರು 'ಆಜ್ಞೆಯ ಜಾರಿ'.

ಇಲ್ಲಿ ಒಂದು ವಿಚಿತ್ರ ನೋಡಿ. ಮಗುವನ್ನು ಕಳೆದುಕೊಂಡ ಮೇಲೆ ಬೆಸೆಂಟ್, ಕರಾರು ಮುರಿಯಿತಲ್ಲ, ಇನ್ನು ನಾನೂ ಅದಕ್ಕೆ ಕಟ್ಟುಬಿದ್ದಿಲ್ಲ ಎಂದು ಗಂಡನ ಮೇಲೆ ವೈವಾಹಿಕ ದಾವೆಗೆ ಹೊರಟರು. ಜೆಸೆಲ್ ಅವರೇ 1879ರಲ್ಲಿ ಅದನ್ನೂ ತಡೆದರು. ಮಗುವಿನ ಕಲಮು ಹೋದರೂ, ಒಬ್ಬರ ಮೇಲೊಬ್ಬರು ದಾವೆ ಹೂಡಬಾರದು ಎಂಬ ಕಲಮು ಉಳಿದಿದೆ ಎಂದರು. ಒಂದೇ ಕಾಗದ. ತಾಯಿಗೆ ಬೇಕಾದ ಸಾಲು ಅಳಿಸಿಹೋಗಿ ತಾಯಿಯನ್ನು ಕಟ್ಟುವ ಸಾಲು ಮಾತ್ರ ಉಳಿಯಿತು. ಜೆಸೆಲ್ ದೊಡ್ಡ ನ್ಯಾಯಶಾಸ್ತ್ರಜ್ಞರಿರಬಹುದು, ನಮಗಂತೂ ಈ ನ್ಯಾಯ ಒಗಟಾಗಿಯೇ ಕಾಣುತ್ತದೆ.

ಅಪೀಲಿನಲ್ಲಿ ತಾಯಿಗೆ ಮಕ್ಕಳನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ಆಕೆ ಅದನ್ನು ಬಹಳ ದಿನ ಬಳಸಲಿಲ್ಲ. ಭೇಟಿಯಾದಾಗಲೆಲ್ಲ ಮಗು ಅಗಲಿಕೆಯ ಸಂಕಟವನ್ನು ಹೊಸದಾಗಿ ಅನುಭವಿಸಬೇಕಾಗುತ್ತದೆ, ತಂದೆ ತಾಯಿಯರ ಜಗಳದ ನಡುವೆ ನಿಲ್ಲಬೇಕಾಗುತ್ತದೆ ಎಂದು ಕಂಡಾಗ, ದೊಡ್ಡವರಾಗಿ ತಾವಾಗಿಯೇ ಬರುವವರೆಗೆ ಕಾಯುತ್ತೇನೆಂದು ಹಿಂದೆ ಸರಿದರು. ಮಕ್ಕಳು ಬಂದರು. ಡಿಗ್ಬಿಯೂ ಬಂದ, ಮೇಬಲ್ ಕೂಡ ಬಂದಳು. ಬೆಳೆದ ಮೇಲೆ ಇಬ್ಬರೂ ತಾಯಿಯ ಕಡೆಗೇ ನಿಂತರು. ಜಾರಿ ಮಾಡಿದ ಆಜ್ಞೆಗೂ ಒಂದು ವಾಯಿದೆ ಇರುತ್ತದೆ, ಮಗುವಿಗೆ ವಯಸ್ಸು ಬಂದ ದಿನ ಅದು ಮುಗಿಯುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. 1893ರಲ್ಲಿ ಬೆಸೆಂಟ್ ಭಾರತಕ್ಕೆ ಬಂದರು, 1907ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆಯಾದರು. ಮದನಪಲ್ಲಿ ಕಡೆಯ ನಾರಾಯಣಯ್ಯ ಎಂಬ ನಿವೃತ್ತ ಕಂದಾಯ ನೌಕರರು 1909ರಲ್ಲಿ ತಮ್ಮ ಗಂಡುಮಕ್ಕಳೊಡನೆ ಮದ್ರಾಸಿನ ಅಡ್ಯಾರಿಗೆ ಬಂದು ಸೊಸೈಟಿಯ ಕೆಲಸಕ್ಕೆ ನಿಂತರು. ಹೆಂಡತಿ ತೀರಿಕೊಂಡಿದ್ದರು. ಮಕ್ಕಳಲ್ಲಿ ಒಬ್ಬ ಕೃಷ್ಣಮೂರ್ತಿ, ಮುಂದೆ ಜೆ. ಕೃಷ್ಣಮೂರ್ತಿ ಎಂದು ಲೋಕವೆಲ್ಲ ಬಲ್ಲ ಚಿಂತಕ. ಇನ್ನೊಬ್ಬ ನಿತ್ಯಾನಂದ. ಈ ಹುಡುಗನೇ ಮುಂದಿನ ಜಗದ್ಗುರು ಎಂದು ಸೊಸೈಟಿಯವರಿಗೆ ತೋರಿತು. 1910ರ ಮಾರ್ಚ್ 6ರಂದು ತಂದೆ ಒಂದು ಪತ್ರಕ್ಕೆ ಸಹಿ ಹಾಕಿ ಇಬ್ಬರ ಪೋಷಕತ್ವವನ್ನು ಬೆಸೆಂಟ್ ಅವರಿಗೆ ವಹಿಸಿದರು.

ಮತ್ತೆ ಕಾಗದ! ಮತ್ತೆ ಎರಡು ವರ್ಷ ಕಳೆಯುವಷ್ಟರಲ್ಲಿ ಮನಸ್ಸು ಮುರಿಯಿತು. ಲೆಡ್‌ಬೀಟರ್ ಎಂಬ ಸೊಸೈಟಿಯ ಪ್ರಮುಖರ ಸಹವಾಸ ಮಕ್ಕಳಿಗೆ ಬೇಡ ಎಂಬುದು ತಂದೆಯ ಮುಖ್ಯ ತಕರಾರು. ಆ ಹೊತ್ತಿಗೆ ಹುಡುಗರು ಇಂಗ್ಲೆಂಡಿನಲ್ಲಿದ್ದರು. 1912ರಲ್ಲಿ ತಂದೆ ದಾವೆ ಹೂಡಿದರು. ಮೊದಲು ಚೆಂಗಲ್‌ಪೇಟೆ ಜಿಲ್ಲಾ ಕೋರ್ಟು, ಅಲ್ಲಿಂದ ಮದ್ರಾಸ್ ಹೈಕೋರ್ಟು. ತಂದೆಯ ಪರ ವಕೀಲರು ಸಿ.ಪಿ. ರಾಮಸ್ವಾಮಿ ಅಯ್ಯರ್. (ಇದೇ ಅಯ್ಯರ್ ಕೆಲವೇ ವರ್ಷಗಳಲ್ಲಿ ಹೋಮ್ ರೂಲ್ ಚಳವಳಿಯಲ್ಲಿ ಬೆಸೆಂಟ್ ಅವರ ಬಲಗೈಯಾದರು. ಕೋರ್ಟಿನ ಜಗಳ ಕೋರ್ಟಿನಲ್ಲೇ ಬಿಡುವ ಈ ಗುಣ ನಮ್ಮ ಗಂಡ ಹೆಂಡಿರ ಬೀಗರುಗಳಿಗೆ ಇದ್ದಿದ್ದರೆ!) ಬೆಸೆಂಟ್ ಮತ್ತೆ ತಾವೇ ವಾದಿಸಿದರು. 1913ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬೇಕ್‌ವೆಲ್ ಮಕ್ಕಳನ್ನು ತಂದೆಗೆ ಒಪ್ಪಿಸಬೇಕೆಂದು ಆಜ್ಞೆ ಮಾಡಿದರು. ಅಪೀಲಿನಲ್ಲೂ ಬೆಸೆಂಟ್ ಸೋತರು.

ತೀರ್ಪು ಸಿಕ್ಕಿತು. ಮಕ್ಕಳು ಸಿಕ್ಕರೇ? ಇಲ್ಲ. ಅವರು ಏಳು ಸಮುದ್ರದ ಆಚೆ. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. 1914ರಲ್ಲಿ ಆ ಕೋರ್ಟು ಮದ್ರಾಸಿನ ಆಜ್ಞೆಯನ್ನು ರದ್ದು ಮಾಡಿತು. ಚೆಂಗಲ್‌ಪೇಟೆ ಜಿಲ್ಲೆಯಲ್ಲಿ ವಾಸವೇ ಇಲ್ಲದ ಹುಡುಗರ ಮೇಲೆ ಅಲ್ಲಿಯ ಕೋರ್ಟಿಗೆ ಅಧಿಕಾರವೇ ಇರಲಿಲ್ಲ ಎಂದಿತು. ಬೇರೆ ದೇಶದಲ್ಲಿರುವ, ತಿಳಿವಳಿಕೆ ಬಂದ ಹುಡುಗರನ್ನು ಅವರ ಇಷ್ಟವೇನೆಂದು ಕೇಳದೆ ಹಿಡಿದು ತಂದುಕೊಡು ಎನ್ನುವುದು ಸರಿಯಲ್ಲವೆಂದೂ ಹೇಳಿತು. ಜೊತೆಗೆ ತಂದೆಯ ಪತ್ರದ ಬಗ್ಗೆ ಹೇಳಿದ ಮಾತು ಇಂದಿಗೂ ವಕೀಲರ ಬಾಯಲ್ಲಿದೆ. ತಂದೆತನ ಒಂದು ಪವಿತ್ರ ಹೊಣೆ, ಅದನ್ನು ಬರೆದುಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಮಗುವನ್ನು ಇನ್ನೊಬ್ಬರ ಹತ್ತಿರ ಬೆಳೆಯಲು ಬಿಡಬಹುದು, ಮರಳಿ ಕೇಳಲೂಬಹುದು. ಆದರೆ ಅಷ್ಟರಲ್ಲಿ ಮಗು ಆ ಬದುಕಿಗೆ ಹೊಂದಿಕೊಂಡಿದ್ದು, ಕಿತ್ತರೆ ಅದಕ್ಕೇ ಕೇಡಾಗುವಂತಿದ್ದರೆ ಕೋರ್ಟು ಕೊಡದೆಯೂ ಇರಬಹುದು.

ಈ ಪ್ರಕರಣದಲ್ಲಿ ನಮಗೆ ಬೆಸೆಂಟ್ ಅವರ ಮೇಲೆ ಮೊದಲಿನಷ್ಟು ಕನಿಕರ ಹುಟ್ಟುವುದಿಲ್ಲ. 1878ರಲ್ಲಿ ತನ್ನ ಮಗುವನ್ನು ಕಾನೂನು ಕಿತ್ತುಕೊಂಡಾಗ ನೊಂದವರು, 1913ರಲ್ಲಿ ಇನ್ನೊಬ್ಬ ತಂದೆ ಅದೇ ನೋವಿನಿಂದ ಬಂದು ನಿಂತಾಗ ಸಮುದ್ರವನ್ನೇ ಗೋಡೆ ಮಾಡಿಕೊಂಡರು. ಹುಡುಗರು ಅಲ್ಲಿ ಸುಖವಾಗಿದ್ದರು ಎಂಬುದು ಬೇರೆ ಮಾತು.

ಈ ದಾವೆ ನಡೆದಾಗ ಭಾರತದಲ್ಲಿ ಇದಕ್ಕೆಂದೇ ಒಂದು ಕಾಯಿದೆ ಇತ್ತು. ಪ್ರಿವಿ ಕೌನ್ಸಿಲ್ ಕೂಡ, ಈ ದಾರಿ ಬಿಟ್ಟು ಆ ಕಾಯಿದೆಯ ದಾರಿಯಲ್ಲಿ ಹೋಗಬೇಕಿತ್ತು ಎಂದೇ ಹೇಳಿತು. ಅದು 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆ. ಇಂದಿಗೂ ನಡೆಯುತ್ತಿದೆ. ನಾವು ಕಾನೂನು ಓದಿದವರಲ್ಲ, ಆದರೂ ಇದರ ನಾಲ್ಕೈದು ಕಲಮುಗಳನ್ನು ಗಡಿಯ ಜನ ಬಾಯಿಪಾಠ ಮಾಡಿಕೊಳ್ಳಬೇಕು ಎನ್ನಿಸುತ್ತದೆ.

9ನೆಯ ಕಲಮಿನ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿಯ ಜಿಲ್ಲಾ ಕೋರ್ಟಿಗೇ ಅರ್ಜಿ. ನಮ್ಮ ಊರಿನ ಮಗುವಿನದು ಸೊಲ್ಲಾಪುರಕ್ಕೆ, ಆಳಂದದ ಮಗುವಿನದು ಕಲಬುರಗಿಗೆ. ಮೇಲಿನ ಕೋರ್ಟುಗಳೂ ಬೇರೆ. ಸೊಲ್ಲಾಪುರಕ್ಕೆ ಮುಂಬಯಿ ಹೈಕೋರ್ಟು. 2025ರ ಆಗಸ್ಟಿನಿಂದ ಅದರ ಪೀಠ ಕೊಲ್ಲಾಪುರದಲ್ಲಿ ಕೂಡುತ್ತಿದೆ. ಆಳಂದಕ್ಕೆ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ. ಹಾಗಾದರೆ ಅಕ್ಕಲಕೋಟದಲ್ಲಿ ಹುಟ್ಟಿ ಬೆಳೆದು, ಎರಡು ತಿಂಗಳ ಹಿಂದೆ ಆಳಂದಕ್ಕೆ ಒಯ್ದ ಮಗುವಿನ 'ಸಾಮಾನ್ಯ ವಾಸ' ಎಲ್ಲಿ? ಇದೇ ಮೊದಲ ಜಗಳ. ಇದು ಬಹುಮಟ್ಟಿಗೆ ಸಾಕ್ಷ್ಯ ನೋಡಿ ತೀರ್ಮಾನಿಸಬೇಕಾದ ಸಂಗತಿ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಇಂಥಲ್ಲಿ ಶಾಲೆಯ ಹಾಜರಿ ಪುಸ್ತಕ, ಜನರಲ್ ರಜಿಸ್ಟರ್, ಮಧ್ಯಾಹ್ನದ ಊಟದ ನೋಂದಣಿ ಇವೆಲ್ಲ ಸಾಕ್ಷಿ ಹೇಳಬಲ್ಲವು. ನಾವು ಬೇಸರದಿಂದ ತುಂಬುವ ಆ ಕಾಲಮುಗಳ ಬೆಲೆ ಕೋರ್ಟಿನಲ್ಲಿ ಗೊತ್ತಾಗುತ್ತದೆ.

25ನೆಯ ಕಲಮು ಜಾರಿಯದು. ಪೋಷಕರ ವಶದಿಂದ ಮಗು ಹೋಗಿದ್ದರೆ, ಮರಳಿಸುವುದು ಮಗುವಿನ ಹಿತ ಎಂದು ಕೋರ್ಟಿಗೆ ತೋರಿದರೆ, ಮರಳಿಸಲು ಆಜ್ಞೆ ಮಾಡಬಹುದು. ಅದನ್ನು ಜಾರಿ ಮಾಡಲು ಮಗುವನ್ನು 'ದಸ್ತಗಿರಿ' ಮಾಡಿಸಿ ಒಪ್ಪಿಸಬಹುದು ಎಂಬ ಶಬ್ದವೇ ಕಾಯಿದೆಯಲ್ಲಿದೆ. ಮಗುವನ್ನು ಒಯ್ದವನ ದಸ್ತಗಿರಿಯಲ್ಲ, ಮಗುವಿನ ದಸ್ತಗಿರಿ! ಮೇಬಲ್‌ಳನ್ನು ಎತ್ತಿಕೊಂಡು ಹೋದ ಕಾಲದ ಭಾಷೆ ಇನ್ನೂ ಪುಸ್ತಕದಲ್ಲಿ ಉಳಿದುಕೊಂಡಿದೆ.

26ನೆಯ ಕಲಮಂತೂ ನಮಗಾಗಿಯೇ ಬರೆದಂತಿದೆ. ಕೋರ್ಟು ನೇಮಿಸಿದ ಪೋಷಕರು ಅದೇ ಕೋರ್ಟಿನ ಅನುಮತಿಯಿಲ್ಲದೆ ಮಗುವನ್ನು ಅದರ ಅಧಿಕಾರದ ಎಲ್ಲೆ ದಾಟಿಸುವಂತಿಲ್ಲ. ಕೋರ್ಟಿನ ಅಧಿಕಾರ ತಪ್ಪಿಸಲೆಂದೇ ದಾಟಿಸಿದರೆ 44ನೆಯ ಕಲಮಿನಲ್ಲಿ ಒಂದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸಿವಿಲ್ ಜೈಲು. ಮಗುವನ್ನು ಹಾಜರುಪಡಿಸು ಎಂದರೂ ಪಡಿಸದಿದ್ದರೆ 45ನೆಯ ಕಲಮು. ಅದರಲ್ಲಿ ನೂರು ರೂಪಾಯಿವರೆಗೆ ದಂಡ, ಮೊಂಡು ಮುಂದುವರಿಸಿದರೆ ದಿನಕ್ಕೆ ಹತ್ತು ರೂಪಾಯಿ, ಒಟ್ಟು ಐದುನೂರು ಮೀರದಂತೆ. ಮಗುವನ್ನು ತರುತ್ತೇನೆ ಎಂದು ಒಪ್ಪುವವರೆಗೆ ಸಿವಿಲ್ ಜೈಲಿನಲ್ಲಿಡಲೂಬಹುದು. 1890ರಲ್ಲಿ ದಿನಕ್ಕೆ ಹತ್ತು ರೂಪಾಯಿ ಎಂದರೆ ಮನುಷ್ಯ ನಡುಗುತ್ತಿದ್ದ. ಇಂದು ಅದಕ್ಕೆ ಒಂದು ಕಪ್ ಚಹಾ ಬಂದರೆ ಹೆಚ್ಚು.

ಆ ಕಾಯಿದೆ ಹುಟ್ಟಿದಾಗ ಅದು ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದು. ನಮ್ಮ ಅಕ್ಕಲಕೋಟ ಆಗ ಸಂಸ್ಥಾನ. ಆಳಂದ ನಿಜಾಮನ ಸೀಮೆ. ಇಂಡಿ, ಸೊಲ್ಲಾಪುರ ಮಾತ್ರ ಬ್ರಿಟಿಷರವು. ಮೂರು ರಾಜ್ಯಗಳು ಕೂಡುವ ಇಂಥ ಜಾಗದಲ್ಲಿ ಸೊಲ್ಲಾಪುರದ ಕೋರ್ಟಿನ ವಾರಂಟು ಆಳಂದದಲ್ಲಿ ತಾನಾಗಿಯೇ ನಡೆಯುತ್ತಿರಲಿಲ್ಲ. ಜಾರ್ಜ್ ನಾರ್ಟನ್‌ಗೆ ಸ್ಕಾಟ್‌ಲೆಂಡ್ ಇದ್ದ ಹಾಗೆ ಇಲ್ಲಿಯವರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಪರದೇಶವಿತ್ತು. 1948ರಲ್ಲಿ ಸಂಸ್ಥಾನಗಳು ಹೋದವು, 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡವಾದವು. ಈಗ ಆಚೆ ಈಚೆ ಒಂದೇ ದೇಶದ ಕೋರ್ಟುಗಳು. ಒಂದು ಕೋರ್ಟಿನ ಡಿಕ್ರಿಯನ್ನು ಇನ್ನೊಂದು ಕೋರ್ಟಿಗೆ ಕಳಿಸಿ ಜಾರಿ ಮಾಡಿಸಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ದಾರಿಯಿದೆ. ಹಾಗಾಗಿ ಗಡಿ ಈಗ ಗೋಡೆಯಲ್ಲ. ಆದರೆ ತಡೆ ಹೌದು. ಡಿಕ್ರಿ ವರ್ಗವಾಗಬೇಕು, ನಕಲು ಸಿಗಬೇಕು, ಈಚೆಯ ಆಜ್ಞೆ ಮರಾಠಿಯಲ್ಲಿದ್ದರೆ ಆಚೆಯ ಠಾಣೆಯಲ್ಲಿ ಅದನ್ನು ಓದಿ ಹೇಳುವವರು ಬೇಕು. ದೊಡ್ಡವರಿಗೆ ಆರು ತಿಂಗಳು ಎಂದರೆ ನಾಲ್ಕು ತಾರೀಖು. ಎರಡನೆಯ ಇಯತ್ತೆಯ ಮಗುವಿಗೆ ಅದು ಒಂದು ಭಾಷೆ ಮರೆತು ಇನ್ನೊಂದು ಕಲಿಯುವಷ್ಟು ಕಾಲ.

ಸ್ವಾತಂತ್ರ್ಯದ ನಂತರದ ಕಾಯಿದೆಗಳನ್ನು ಬೇಗ ಹೇಳಿ ಮುಗಿಸುತ್ತೇವೆ. 1955ರ ಹಿಂದೂ ವಿವಾಹ ಕಾಯಿದೆ ವಿಚ್ಛೇದನದ ಜೊತೆಗೇ ಮಕ್ಕಳ ಬಗ್ಗೆ ಆಜ್ಞೆ ಮಾಡುವ, ಆಮೇಲೆ ಬದಲಿಸುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. 1956ರ ಕಾಯಿದೆ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದಿತು, ಎಲ್ಲಕ್ಕಿಂತ ಮಗುವಿನ ಹಿತವೇ ಮುಖ್ಯ ಎಂದಿತು. 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಬಂತು. 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ, ತಂದೆಯ 'ನಂತರ' ತಾಯಿ ಎಂಬ ಮಾತಿಗೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪೋಷಕಿ ಎಂದು ಸುಪ್ರೀಂ ಕೋರ್ಟು ಅರ್ಥ ಬಿಡಿಸಿತು. ಹೆತ್ತವಳಿಗೆ ಈ ಮಾತು ಸಿಗಲು ನಾರ್ಟನ್ ಕಾಲದಿಂದ 160 ವರ್ಷ ಬೇಕಾಯಿತು.

ಕಾಗದದ ಪ್ರಶ್ನೆಗೆ 1973ರಲ್ಲಿ ಮದ್ರಾಸಿನಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ. ಮಕ್ಕಳು ತಂದೆ ತಾಯಿಯರ ಸಾಮಾನುಗಳಲ್ಲ. ಸುಪರ್ದಿನ ಆಜ್ಞೆ ಯಾವತ್ತೂ ಕೊನೆಯ ಆಜ್ಞೆಯಲ್ಲ. ಇಬ್ಬರೂ ಒಪ್ಪಿ ಮಾಡಿಕೊಂಡದ್ದಾದರೂ ಪರಿಸ್ಥಿತಿ ಬದಲಾದರೆ ಬದಲಿಸಬಹುದು. ಅಂದ ಮೇಲೆ ಊರ ಹಿರಿಯರ ಎದುರಿಗೆ ಬರೆದ ಬಾಂಡಿನ ಗತಿ? ಅದು ಒಂದು ಸಾಕ್ಷಿ, ಅಷ್ಟೇ. ಅದನ್ನು ಹಿಡಿದು ಠಾಣೆಗೆ ಹೋದರೆ ಪೊಲೀಸರು ಮಗುವನ್ನು ತಂದುಕೊಡುವುದಿಲ್ಲ, ತಂದುಕೊಡಲು ಅವರಿಗೆ ಅಧಿಕಾರವೂ ಇಲ್ಲ. ಮಗುವನ್ನು ಒಯ್ಯಬಾರದೆಂದು ಕೋರ್ಟಿನ ಆಜ್ಞೆ ಇಲ್ಲದಿದ್ದಾಗ ತಂದೆ ತನ್ನ ಮಗುವನ್ನೇ ಒಯ್ದರೆ ಅಪಹರಣವಾಗದು ಎಂದು ಮುಂಬಯಿ ಹೈಕೋರ್ಟಿನ ನಾಗಪುರ ಪೀಠ 2023ರಲ್ಲಿ ಹೇಳಿದೆ. ಆದ್ದರಿಂದ ಬಾಂಡ್ ಬರೆಸಲು ಖರ್ಚು ಮಾಡುವವರು ಅದೇ ಮಾತುಗಳನ್ನು ಕೋರ್ಟಿನ ಆಜ್ಞೆಯೊಳಗೆ ಸೇರಿಸಿಕೊಳ್ಳಲು ಇನ್ನೊಂದಿಷ್ಟು ಖರ್ಚು ಮಾಡಲಿ ಎಂಬುದು ನಮ್ಮ ವಿನಂತಿ.

ತಡ ಮಾಡಿದರೆ ಲಾಭ ಎಂಬ ಲೆಕ್ಕಾಚಾರವೂ ಹಳೆಯದೇ. ಮಗು ನನ್ನ ಹತ್ತಿರವೇ ಇಷ್ಟು ವರ್ಷ ಇದೆ, ಈಗ ಕಿತ್ತರೆ ಅದಕ್ಕೆ ನೋವಾಗುತ್ತದೆ ಎಂಬ ವಾದ. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ, ಎರಡು ವರ್ಷವೂ ತುಂಬದ ಕೂಸನ್ನು 1999ರಲ್ಲಿ ಒಯ್ದ ತಂದೆ ಒಂಬತ್ತು ವರ್ಷ ದಾವೆ ಎಳೆದು ಕೊನೆಗೆ ಇದೇ ವಾದ ಹೂಡಿದ್ದ. ಕೋರ್ಟು ಒಪ್ಪಲಿಲ್ಲ, ಮಗುವನ್ನು ತಾಯಿಗೆ ಕೊಟ್ಟಿತು. ನಮ್ಮ ಪಕ್ಕದ ಗೋವಾದಿಂದ ಹೋದ 2015ರ ಇನ್ನೊಂದು ಪ್ರಕರಣದಲ್ಲೂ ಪುಟ್ಟ ಮಗು ತಾಯಿಗೆ ಸಿಕ್ಕಿತು. ತಾನು ಒಳ್ಳೆಯ ತಾಯಿ ಎಂದು ಅವಳು ರುಜುವಾತು ಮಾಡಬೇಕಿಲ್ಲ, ಅಲ್ಲ ಎನ್ನುವವನು ಮಾಡಬೇಕು ಎಂದಿತು ಕೋರ್ಟು. ಬೆಸೆಂಟ್ ಅವರಿಗೆ 1878ರಲ್ಲಿ ಇಂಥ ಮಾತು ಹೇಳುವವರಿರಲಿಲ್ಲ.

ದೇಶದ ಗಡಿ ದಾಟಿದವರ ಪಾಡು ಇನ್ನೂ ಕಷ್ಟ. ಒಯ್ದ ಮಗುವನ್ನು ಅದರ ವಾಸದ ದೇಶಕ್ಕೆ ಬೇಗ ಮರಳಿಸಬೇಕೆಂದು 1980ರ ಅಕ್ಟೋಬರಿನಲ್ಲಿ ಹೇಗ್ ನಗರದಲ್ಲಿ ಒಪ್ಪಂದವಾಗಿದೆ. ಭಾರತ ಅದಕ್ಕೆ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲಿ ಶಿಫಾರಸು ಮಾಡಿತ್ತು. ಸೇರಿದರೆ ಹೊರದೇಶದಲ್ಲಿ ಗಂಡನಿಂದ ಪೆಟ್ಟು ತಿಂದು ಮಗುವಿನೊಡನೆ ತವರಿಗೆ ಓಡಿಬಂದ ಹೆಣ್ಣುಮಕ್ಕಳ ಗತಿಯೇನು ಎಂಬ ಆತಂಕವೂ ಇದೆ. ಅದು ಸುಳ್ಳು ಆತಂಕವಲ್ಲ.

ಶಾಲೆಯ ಮಾತಿಗೆ ಬರುತ್ತೇವೆ. ಮಗುವನ್ನು ಗಡಿ ದಾಟಿಸಲು ಬಂದವರು ಮೊದಲು ಕೇಳುವುದು ಶಾಲೆ ಬಿಟ್ಟ ದಾಖಲೆ, ನಮ್ಮ ಮಾತಿನಲ್ಲಿ ಎಲ್.ಸಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಕಲಮಿನ ಪ್ರಕಾರ ರಾಜ್ಯದ ಒಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ಹೋಗುವ ಮಗುವಿಗೆ ಮುಖ್ಯಾಧ್ಯಾಪಕರು ಕೂಡಲೇ ಅದನ್ನು ಕೊಡಬೇಕು. ಕೊಡಲು ತಡವಾಯಿತೆಂದು ಆಚೆಯ ಶಾಲೆ ಪ್ರವೇಶ ನಿರಾಕರಿಸುವಂತೆಯೂ ಇಲ್ಲ. ವಲಸೆ ಹೋಗುವ ಕೂಲಿಕಾರರ ಮಕ್ಕಳಿಗೆ ಇದು ವರದಾನ. ಆದರೆ ತಂದೆ ತಾಯಿಯರ ಜಗಳದಲ್ಲಿ ಇದೇ ಬಾಗಿಲಿನಿಂದ ಮಗು ಹೊರಗೆ ಹೋಗುತ್ತದೆ. ಎದುರಿಗೆ ನಿಂತ ತಂದೆಯೋ ತಾಯಿಯೋ ಕೇಳಿದಾಗ, ಇನ್ನೊಬ್ಬರ ಪರವಾಗಿ ಕೋರ್ಟಿನ ಆಜ್ಞೆ ಇದೆಯೆಂದು ನಮಗೆ ಗೊತ್ತಿದ್ದರೆ ತಾನೇ ತಡೆದು ನಿಲ್ಲಿಸುವುದು? ಅದಕ್ಕೇ ಹೇಳುತ್ತಿದ್ದೇವೆ, ಆಜ್ಞೆ ಸಿಕ್ಕ ದಿನವೇ ಅದರ ನಕಲನ್ನು ಶಾಲೆಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಸಂಕೋಚ ಬೇಡ. ನಾವು ಅದನ್ನು ಮಗುವಿನ ಎದುರಿಗೆ ಓದುವುದಿಲ್ಲ, ಉಳಿದ ಪಾಲಕರಿಗೆ ತೋರಿಸುವುದೂ ಇಲ್ಲ.

ಇನ್ನೊಂದು ಸಣ್ಣ ಸಂಗತಿ, ಗಡಿಯವರಿಗೆ ಮಾತ್ರ ಹೊಳೆಯುವಂಥದ್ದು. ವಕೀಲರು ಸಾಮಾನ್ಯವಾಗಿ 'ಬೇಸಿಗೆ ರಜೆಯಲ್ಲಿ ಅರ್ಧ, ದೀಪಾವಳಿ ರಜೆಯಲ್ಲಿ ಅರ್ಧ ತಂದೆಯ ಹತ್ತಿರ' ಎಂದು ಬರೆಸಿಬಿಡುತ್ತಾರೆ. ಯಾವ ರಾಜ್ಯದ ರಜೆ? ಕರ್ನಾಟಕದ ಶಾಲೆಗಳು ಮೇ ಕೊನೆಗೋ ಜೂನ್ ಮೊದಲಿಗೋ ತೆರೆಯುತ್ತವೆ, ನಮ್ಮವು ಜೂನ್ ನಡುವಿಗೆ. ಅಲ್ಲಿ ದೊಡ್ಡ ರಜೆ ದಸರೆಗೆ, ಇಲ್ಲಿ ದೀಪಾವಳಿಗೆ. ಆಚೆಯ ಶಾಲೆ ಶುರುವಾಗಿದೆ, ಮಗುವನ್ನು ಅಲ್ಲೇ ಸೇರಿಸಿದ್ದೇವೆ ಎಂಬ ನೆಪ ಹುಟ್ಟುವುದು ಈ ಹದಿನೈದು ದಿನಗಳ ಸಂದಿನಲ್ಲೇ. ಭೇಟಿಯ ನಡುವೆ ಫೋನಿನಲ್ಲಿ, ವಿಡಿಯೋ ಕರೆಯಲ್ಲಿ ಮಗು ಇನ್ನೊಬ್ಬರೊಡನೆ ಮಾತಾಡುವುದನ್ನೂ ಆಜ್ಞೆಯಲ್ಲಿ ಸೇರಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಅದರ ಜೊತೆಗೆ, ಮಗು ಯಾವ ರಾಜ್ಯದ ಶಾಲೆಯಲ್ಲಿದೆಯೋ ಆ ರಾಜ್ಯದ ರಜೆ ಎಂದು ಸ್ಪಷ್ಟವಾಗಿ ಬರೆಸಿ. ಒಯ್ಯುವ ತಾರೀಖು, ಮರಳಿಸುವ ತಾರೀಖು, ಎಷ್ಟು ಗಂಟೆಗೆ, ಯಾವ ಊರಿನ ಬಸ್ ನಿಲ್ದಾಣದಲ್ಲಿ, ಯಾರ ಕೈಗೆ ಎಂಬುದನ್ನೂ ಬರೆಸಿ. ರಜೆಯ ಪಟ್ಟಿ ಬೇಕಾದರೆ ಶಾಲೆಗೆ ಬನ್ನಿ, ಮುಖ್ಯಾಧ್ಯಾಪಕರ ಸಹಿ ಹಾಕಿಸಿ ಕೊಡುತ್ತೇವೆ.